ದೀಪ ದೊಡ್ಡದು ಮಾಡು

ನಮ್ಮ ಹಿರಿಯರು ದೀಪವನ್ನು ‘ಆರಿಸು’ ಎನ್ನುವುದಿಲ್ಲ. ಅದು ಅಮಂಗಳದ ನುಡಿ. ‘ಶಾಂತ ಮಾಡು’ ಎನ್ನುತ್ತಾರೆ, ‘ದೊಡ್ಡದು ಮಾಡು’ ಎನ್ನುವವರೂ ಉಂಟು. ಬಾಗಿಲನ್ನು ‘ಮುಚ್ಚು’ವುದಿಲ್ಲ, ‘ಮುಂದಕ್ಕೆ ಮಾಡು’ತ್ತಾರೆ. ಮಾತು ಕೇಳಿ ಕೆಲಸಮಾಡುವ ಇಂದಿನ ‘ಜಾಣ ಮನೆ’ಗೆ ಈ ನುಡಿಯ ಪರಿಚಯವಿದೆಯೇ?

ಜವಳಗೇರಾದಲ್ಲಿ ನನ್ನ ಸೋದರತ್ತೆಯೊಬ್ಬರಿದ್ದಾರೆ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರು ಸೀಮೆಯ ಎರೆಹೊಲಗಳು ಭತ್ತದ ಗದ್ದೆಗಳಾದುದನ್ನು ಕಂಡವರು, ಎಂಬತ್ತು ದಾಟಿದೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಇಂಜಿನಿಯರನಾದ ಮೊಮ್ಮಗ ಕನ್ನಡದ ಹತ್ತಾರು ಅಪ್ಪಣೆಗಳನ್ನು ತುಂಬಿದ ಯಂತ್ರವೊಂದನ್ನು ಗೋಡೆಯ ಗೂಡಿನಲ್ಲಿಟ್ಟುಹೋದ. ಮಲಗುವಾಗ ಅತ್ತೆ “ದೀಪ ದೊಡ್ಡದು ಮಾಡು” ಎಂದರೆ ಅದು ಬೆಳಕನ್ನು ಇಮ್ಮಡಿಮಾಡಿತು! “ಅದಕ್ಕ ನನ್ನ ಮಾತು ತಿಳಿಯಂಗಿಲ್ಲಪ್ಪ” ಎಂದು ಅವರು ಗೋಡೆಯ ಗುಂಡಿಯನ್ನೇ ಒತ್ತಿ, ಕತ್ತಲಲ್ಲಿ ತಡವರಿಸುತ್ತ ಹಾಸಿಗೆಗೆ ಮರಳತೊಡಗಿದರು. ಆ ವಯಸ್ಸಿನಲ್ಲಿ ಒಮ್ಮೆ ಬಿದ್ದರೆ ಮುಂದಿನ ಮಾತು ಬೇರೆಯೇ.

ಅಜ್ಜಿ ನಾಲ್ಕು ಹೊಸ ಮಾತು ಕಲಿಯಲಿ ಎಂಬುದು ಮೊಮ್ಮಗನ ವಾದ. ನನಗದು ಒಪ್ಪಿಗೆಯಾಗಲಿಲ್ಲ. ಕೊನೆಗೆ ಅವನೇ ಒಂದು ವಾರ ಊರಲ್ಲಿದ್ದು ಅಜ್ಜಿಯ ಮಾತುಗಳನ್ನು ಬರೆದುಕೊಂಡ. ಅವೇ ಯಂತ್ರದ ಅಪ್ಪಣೆಗಳಾದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆಯವರು ಒಂಬತ್ತು ಭಾಷೆಗಳ ಮಾತನ್ನು ಒಳನುಡಿಗಳ ಸಮೇತ ಸಂಗ್ರಹಿಸಿದ್ದಾರೆ, ಕನ್ನಡವೂ ಅದರಲ್ಲಿದೆ. ಆದರೆ ಅದು ಬೇಸಾಯ, ಹಣಕಾಸುಗಳ ಮಾತು. ಮಲಗುವ ಕೋಣೆಯ ಮಾತನ್ನು ಅಲ್ಲಿಯೇ ಕೂತು ಕೇಳಬೇಕು.

ಮಾತಷ್ಟೇ ಅಲ್ಲ. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಕೀಚು ದನಿಗಳನ್ನು. ಯಂತ್ರ ತಗ್ಗಿದ ಸ್ವರದಲ್ಲಿ ನುಡಿಯಬೇಕು. ಕಣ್ಣಿನ ಮಸೂರ ಹಳದಿಗೂಡಿ ನೀಲಿ-ಹಸಿರುಗಳ ಭೇದ ಮಸುಳುತ್ತದೆ. ಒಣಗಿದ ಬೆರಳತುದಿಯ ಸ್ಪರ್ಶ ಗಾಜಿನ ಪರದೆಗೆ ಸರಿಯಾಗಿ ತಿಳಿಯದು. ಆಧಾರ್ ಯಂತ್ರದ ಮುಂದೆ ಬೆರಳೊತ್ತಿ ಸೋತ ವೃದ್ಧರನ್ನು ಕಾಣದವರಾರು? ಬಳಕೆಯನ್ನು ಗಮನಿಸಿ ಪರದೆಯ ಗುರುತುಗಳನ್ನು ತಾನೇ ಸ್ಥಳಾಂತರಿಸುವುದು ಯಂತ್ರದ ಇನ್ನೊಂದು ಜಾಣತನ. ಕೈಗೆ ರೂಢಿಯಾದ ಜಾಗ ತಪ್ಪಿದರೆ ಮುದುಕರಿಗೆ ಮನೆಯೇ ಅಪರಿಚಿತವಾದೀತು. ಹೊಂದಿಕೊಳ್ಳುವುದಾದರೆ ದನಿಯ ಏರಿಳಿತದಲ್ಲಿ, ಬೆಳಕಿನ ಹದದಲ್ಲಿ ಹೊಂದಿಕೊಳ್ಳಲಿ. ಗುಂಡಿಗಳು ಇದ್ದಲ್ಲೇ ಇರಲಿ.

ಮಕ್ಕಳು ಕ್ಯಾಮೆರಾವನ್ನೂ ಕಳುಹಿಸಿದ್ದರು. ಅತ್ತೆ ಅದಕ್ಕೆ ಹಳೆಯ ಸೀರೆಯ ತುಂಡು ಹೊದಿಸಿದರು. ಈಗ ಬದಲಿಗೆ, ಚಿತ್ರ ತೆಗೆಯದೆ ಚಲನೆಯನ್ನಷ್ಟೇ ಗುರುತಿಸುವ ಸಣ್ಣ ಸಲಕರಣೆಯೊಂದು ಅಡಿಗೆಮನೆಯ ಬಾಗಿಲಲ್ಲಿದೆ. ಬೆಳಗ್ಗೆ ಎಂಟಾದರೂ ಅವರು ಅತ್ತ ಸುಳಿಯದಿದ್ದರೆ ಸುದ್ದಿ ಮೊದಲು ಬೆಂಗಳೂರಿಗಲ್ಲ, ಪಕ್ಕದ ಮನೆಗೆ ಹೋಗುತ್ತದೆ. ಆ ಏರ್ಪಾಟು ಅತ್ತೆ ಹೇಳಿದ್ದು.