ಹತ್ತು ಸೆಕೆಂಡಿನ ಪತನ

ಎತ್ತರದಿಂದ ಬೀಳುತ್ತಿರುವವನ ಕೈಯಲ್ಲಿ ಕಾಲವನ್ನು ಹತ್ತು ಸೆಕೆಂಡು ಹಿಂದಕ್ಕೆ ತಿರುಗಿಸುವ ಗುಂಡಿಯೊಂದಿದ್ದರೆ ಅವನು ಬದುಕಿಕೊಳ್ಳುವನೇ? ‘ಫ್ಯೂಚುರಾಮ’ ಎಂಬ ಅಮೆರಿಕದ ಅನಿಮೇಷನ್ ಸರಣಿ ವೈಜ್ಞಾನಿಕ ಕಲ್ಪನೆಯನ್ನು ಹಾಸ್ಯದೊಡನೆ ಬೆರೆಸಿದುದು. 2013ರ ಸೆಪ್ಟೆಂಬರ್ 4ರಂದು ಪ್ರಸಾರವಾದ, ಆ ವರ್ಷದ ಮಾಲಿಕೆಯ ಕೊನೆಯ ಕಂತು ‘ಮೀನ್‌ವೈಲ್’ ಈ ಪ್ರಶ್ನೆಯನ್ನೇ ಎತ್ತಿತು. ಅದನ್ನು ಬರೆದ ಕೆನ್ ಕೀಲರ್ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಅನ್ವಯಿಕ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಆದುದರಿಂದ ಅವರ ವಿನೋದವನ್ನು ಲೆಕ್ಕಹಾಕಿ ನೋಡುವುದು ಉಚಿತ.

ಕಥೆ ಹೀಗಿದೆ. ಭವಿಷ್ಯದ ನ್ಯೂಯಾರ್ಕಿನಲ್ಲಿ ಫ್ರೈ ಎಂಬ ತರುಣನು ಲೀಲಾ ಎಂಬಾಕೆಯನ್ನು ಮದುವೆಗೆ ಕೇಳಿ, ಒಪ್ಪಿಗೆಯಾದರೆ ಸಂಜೆ ಒಂದು ಗಗನಚುಂಬಿ ಕಟ್ಟಡಕ್ಕೆ ಬರಬೇಕೆನ್ನುತ್ತಾನೆ. ವೃದ್ಧ ಪ್ರೊಫೆಸರರು ನಿರ್ಮಿಸಿದ ಗುಂಡಿ ಅವನ ಬಳಿ ಇದೆ. ಅದನ್ನು ಪದೇಪದೇ ಒತ್ತಿದ್ದರಿಂದ ಅವನ ಕೈಗಡಿಯಾರ ಮುಂದೆ ಓಡಿರುತ್ತದೆ. ಆಕೆ ಬರಲಿಲ್ಲವೆಂದು ಭ್ರಮಿಸಿ ಅವನು ಧುಮುಕುತ್ತಾನೆ. ಬೀಳುವಾಗ ಆಕೆ ಬರುತ್ತಿರುವುದನ್ನು ಕಂಡು, ಪಶ್ಚಾತ್ತಾಪದಿಂದ ಗುಂಡಿಯನ್ನೊತ್ತುತ್ತಾನೆ. ಆದರೆ ಧುಮುಕಿ ಆಗಲೇ ಹತ್ತು ಸೆಕೆಂಡು ಮೀರಿದೆ! ಕಾಲ ಹಿಂದೆ ಸರಿದರೂ ಅವನು ಮಾಳಿಗೆಗೆ ಮರಳದೆ ನಡುಗಾಳಿಯಿಂದ ಮತ್ತೆ ಬೀಳತೊಡಗುತ್ತಾನೆ.

ಹಾಸನದ ನಮ್ಮ ತರಗತಿಯಲ್ಲಿ ಈ ಪ್ರಸಂಗವನ್ನು ಹೇಳಿ, “ಇದು ಸಾಧ್ಯವಿಲ್ಲ” ಎಂದು ನಾನು ತೀರ್ಪಿತ್ತೆ. ಕಥೆಯ ಕಟ್ಟಡದ ಹೆಸರು ಎಂಪೈರ್ ಸ್ಟೇಟ್ ಕಟ್ಟಡದ ಅಣಕ. ನಿಜವಾದ ಆ ಕಟ್ಟಡದ ಮಾಳಿಗೆಯ ಎತ್ತರ 381 ಮೀಟರು. ಬೀಳುವ ವಸ್ತುವಿನ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರು. ಈ ಲೆಕ್ಕದಂತೆ 8.8 ಸೆಕೆಂಡಿನಲ್ಲಿಯೇ ನೆಲ ಸಿಗುತ್ತದೆ. ಎಂದ ಮೇಲೆ ಫ್ರೈ ಯಾವ ಕ್ಷಣದಲ್ಲಿ ಗುಂಡಿಯನ್ನೊತ್ತಿದರೂ ಮಾಳಿಗೆಗೆ ಮರಳಲೇಬೇಕು.

ಅರಕಲಗೂಡಿನಿಂದ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು, “ಗಾಳಿಯನ್ನು ಬಿಟ್ಟುಬಿಟ್ಟಿರಲ್ಲಾ, ಸರ್?” ಎಂದಳು. “ಅದು ಅಲ್ಪವಮ್ಮ” ಎಂದು ನಾನು ಮುಂದಿನ ಪಾಠಕ್ಕೆ ಹೋದೆ.

ಸಂಜೆ ಮನಸ್ಸು ಸುಮ್ಮನಿರಲಿಲ್ಲ; ಕಾಗದ ಹಿಡಿದು ಕುಳಿತೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ: ವೇಗ ಇಮ್ಮಡಿಸಿದರೆ ತಡೆ ನಾಲ್ಮಡಿ. ಒಂದು ಹಂತದಲ್ಲಿ ಅದು ದೇಹದ ತೂಕಕ್ಕೆ ಸಮನಾಗಿ, ವೇಗ ಮುಂದೆ ಹೆಚ್ಚುವುದಿಲ್ಲ. ಕೈಕಾಲು ಹರಡಿ ಬೀಳುವ ಮನುಷ್ಯನಿಗೆ ಈ ಅಂತಿಮ ವೇಗ ಸೆಕೆಂಡಿಗೆ ಸುಮಾರು 55 ಮೀಟರು. ಇದನ್ನು ಸೇರಿಸಿದರೆ, ಹತ್ತು ಸೆಕೆಂಡಿನಲ್ಲಿ ಬೀಳುವ ದೂರ ಸುಮಾರು 345 ಮೀಟರು. 381 ಮೀಟರು ಬೀಳಲು ಸುಮಾರು 10.7 ಸೆಕೆಂಡು ಬೇಕು. 10.5ನೆಯ ಸೆಕೆಂಡಿನಲ್ಲಿ ಗುಂಡಿಯನ್ನೊತ್ತಿದವನು ಮಾಳಿಗೆಯ ಅಂಚಿನಿಂದ ಕೇವಲ ಒಂದು ಮೀಟರಿನಷ್ಟು ಕೆಳಗೆ ಬಂದು ನಿಲ್ಲದೆ ಮತ್ತೆ ಬೀಳುವನು! ಕಥೆ ಗೆದ್ದಿತು, ನಾನು ಸೋತೆ. ಮರುದಿನ ತರಗತಿಯಲ್ಲಿ ತಪ್ಪೊಪ್ಪಿಕೊಂಡೆ.

ಮುಗಿಯದ ಪತನವೆಂಬುದು ಕೇವಲ ಕಲ್ಪನೆಯೇ? ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ವಿಂಧ್ಯಗಿರಿಯಿಂದ ಕಲ್ಲನ್ನು ಅಡ್ಡಲಾಗಿ ಎಸೆದರೆ ಅದು ಬಾಗುತ್ತ ಬಂದು ನೆಲಕ್ಕೆ ಬೀಳುತ್ತದೆ. ಗಾಳಿಯಿಲ್ಲದ ಎತ್ತರದಲ್ಲಿ ತಕ್ಕ ವೇಗದಿಂದ ಎಸೆದರೆ, ಅದು ಬಾಗಿದಷ್ಟೇ ಭೂಮಿಯೂ ಬಾಗಿರುವುದರಿಂದ ನೆಲವನ್ನು ಮುಟ್ಟುವುದೇ ಇಲ್ಲ. ಊರವರು ಎಂ.ಸಿ.ಎಫ್. ಎಂದು ಕರೆಯುವ ಹಾಸನದ ಮುಖ್ಯ ನಿಯಂತ್ರಣ ಕೇಂದ್ರವು 1982ರಿಂದ ಇಂಥ ಪತನಗಳನ್ನೇ ಕಾಯುತ್ತಿದೆ. ಸುಮಾರು 36,000 ಕಿಲೋಮೀಟರು ಎತ್ತರದ ಭೂಸ್ಥಿರ ಉಪಗ್ರಹವು ಹತ್ತು ಸೆಕೆಂಡಿನಲ್ಲಿ ಸುಮಾರು 31 ಕಿಲೋಮೀಟರು ಸಾಗುತ್ತದೆ. ಹೆಚ್ಚುಕಡಮೆ ಹಾಸನದಿಂದ ಹೊಳೆನರಸೀಪುರಕ್ಕೆ ಇರುವಷ್ಟು ದೂರ. ಅಷ್ಟರಲ್ಲಿ ಅದು ಭೂಮಿಯತ್ತ ಬೀಳುವುದು ಕೇವಲ 11 ಮೀಟರು. ಆ ಪತನವೇ ಅದನ್ನು ಕಕ್ಷೆಯಲ್ಲಿ ಹಿಡಿದಿಟ್ಟಿದೆ.

ಕಥೆಯ ಕೊನೆಯಲ್ಲಿ ಗುಂಡಿ ಮುರಿದು ಜಗತ್ತೇ ಸ್ತಬ್ಧವಾಗುತ್ತದೆ. ಫ್ರೈ ಮತ್ತು ಲೀಲಾ ಇಬ್ಬರೇ ಲೋಕವನ್ನು ಸುತ್ತುತ್ತ ಮುದುಕರಾಗುತ್ತಾರೆ. ಎಲ್ಲವೂ ನಿಂತಮೇಲೆ ಬೆಳಕು ಅವರ ಕಣ್ಣನ್ನು ಹೇಗೆ ತಲುಪೀತು ಎಂದು ಕೇಳಬಾರದು. ಹಾಸ್ಯಕ್ಕೆ ಅಷ್ಟು ರಿಯಾಯಿತಿ ಸಲ್ಲಬೇಕು. ಕಡೆಗೆ ಪ್ರೊಫೆಸರರು ಗುಂಡಿಯನ್ನು ಸರಿಪಡಿಸುತ್ತಾರೆ. ಕಳೆದುದೆಲ್ಲ ಮರೆತುಹೋಗುವುದೆಂದು ತಿಳಿದೂ ಅವರಿಬ್ಬರು ಮೊದಲಿನಿಂದ ಬಾಳಲು ಒಪ್ಪುತ್ತಾರೆ. ಸರಣಿಯೂ 2023ರಲ್ಲಿ ಮತ್ತೆ ಆರಂಭವಾಯಿತು.

ನಮಗೆ ಅಂಥ ಗುಂಡಿಯಿಲ್ಲ. ಆದರೆ ಲೆಕ್ಕವನ್ನು ಮೊದಲಿನಿಂದ ಮಾಡುವ ಸ್ವಾತಂತ್ರ್ಯವಿದೆ. ‘ಗಾಳಿಯ ತಡೆಯನ್ನು ಉಪೇಕ್ಷಿಸಿ’ ಎಂಬ ಮಾತನ್ನು ಪಠ್ಯಪುಸ್ತಕದಲ್ಲಿ ಕಂಡಾಗ, ಉಪೇಕ್ಷಿಸದಿದ್ದರೆ ಏನಾಗುವುದೆಂದು ವಿದ್ಯಾರ್ಥಿಗಳು ಒಮ್ಮೆ ಕೇಳಿ ನೋಡಲಿ.