ಬ್ಲೀಚಿಂಗ್ ಕಲೆ ಬಿದ್ದ ಇಳಕಲ್ ಸೀರೆ

ದಸರೆ ಹತ್ತಿರ ಬಂತೆಂದರೆ ನಮ್ಮ ಹೇಮಗುಡ್ಡದಲ್ಲಿ ಮನೆಮನೆಯಲ್ಲೂ ತೊಳೆಯುವ, ಸಾರಿಸುವ ಗಡಿಬಿಡಿ. ಬಚ್ಚಲಿಗೆ ಹಾಕಿದ ಬ್ಲೀಚಿಂಗ್ ಪೌಡರ್ ನೀರು ಉಟ್ಟ ಸೀರೆಗೆ ಸಿಡಿಯಿತೋ, ಬಿಳಿ ಕಲೆ ಬಿದ್ದಂತೆಯೇ. ಅದು ಮೆತ್ತಿದ ಕೊಳೆಯಲ್ಲ, ಬಣ್ಣವೇ ಸತ್ತ ಜಾಗ. ಸಾಬೂನು ಹಚ್ಚಿ ತಿಕ್ಕಿದರೆ ನೂಲು ಸವೆದೀತೇ ಹೊರತು ಬಣ್ಣ ಮರಳಿ ಬಾರದು.

ಮೊದಲು ವಾಸನೆ ಹೋಗುವ ತನಕ ತಣ್ಣೀರಿನಲ್ಲಿ ಮೂರು ನಾಲ್ಕು ಸಲ ಜಾಲಾಡಿಸಿ. ನಿಂಬೆಹುಳಿ, ವಿನೆಗರ್ ಹಾಕಲೇಬೇಡಿ. ಬ್ಲೀಚಿಂಗ್‌ಗೆ ಹುಳಿ ಸೇರಿದರೆ ವಿಷಗಾಳಿ ಏಳುತ್ತದೆ. ನೆರಳಲ್ಲಿ ಒಣಗಿಸಿ, ಕಲೆಯ ಜಾಗವನ್ನು ಮೆಲ್ಲಗೆ ಜಗ್ಗಿ ನೋಡಿ.

ನೂಲು ಗಟ್ಟಿ ಇದ್ದರೆ ಕಸೂತಿ ಹಾಕಿ. ಇಳಕಲ್ ಸೀರೆಗೂ ಕಸೂತಿಗೂ ಹಳೆಯ ನಂಟು. ಗವಂತಿ, ಮುರಗಿ ಗೆರೆಯ ಹೊಲಿಗೆಗಳು. ಅವುಗಳ ಸಂದಿಯಲ್ಲಿ ಕಲೆ ಇಣುಕುತ್ತದೆ. ಒತ್ತಾಗಿ ತುಂಬುವ ಮೆಂತಿ, ನೇಗಿಯೇ ಇದಕ್ಕೆ ಸರಿ. ಎಳೆ ಎಣಿಸುತ್ತಾ, ಗಂಟು ಹಾಕದೆ ಹೊಲಿಯಿರಿ. ಒಂದೇ ಕಡೆ ಹಾಕಿದರೆ ತೇಪೆಯಂತೆ ಕಾಣುತ್ತದೆ. ಅದೇ ಹೂವನ್ನು ಸೀರೆಯ ತುಂಬ ಅಲ್ಲಲ್ಲಿ ಹಾಕಿದರೆ ಯಾರಿಗೂ ಗುರುತು ಸಿಗದು.

ಜಗ್ಗಿದಾಗ ಅರಿವೆ ಪಿಸಿದರೆ ಕಸೂತಿ ನಿಲ್ಲದು. ಕೆಳಗೆ ಮೆತ್ತನೆಯ ಹಳೆ ಅರಿವೆ ಕೊಟ್ಟು, ಮೇಲೆ ಗುಳೇದಗುಡ್ಡದ ಖಣದ ತುಂಡನ್ನು ಅಂಚು ಮಡಚಿ ಹೊಲಿಯಿರಿ. ಸೆರಗು ರೇಷ್ಮೆಯದಾದರೆ ಇನ್ನೂ ಎಚ್ಚರ. ಬ್ಲೀಚಿಂಗ್ ರೇಷ್ಮೆಯ ಎಳೆಯನ್ನೇ ತಿನ್ನುತ್ತದೆ.

ಇಷ್ಟಾದರೂ ಉಡಲು ಬಾರದೆ? ಗಟ್ಟಿ ಉಳಿದ ಭಾಗ ಕತ್ತರಿಸಿ ಕೌದಿಗೆ ಸೇರಿಸಿ. ನೇಕಾರರು ದಿನಗಟ್ಟಲೆ ಮಗ್ಗದಲ್ಲಿ ಕೂತು ನೆಯ್ದದ್ದನ್ನು ಒಂದು ಕಲೆಗಾಗಿ ತಿಪ್ಪೆಗೆ ಎಸೆಯಬಹುದೆ, ನೀವೇ ಹೇಳಿ.