63 ಆದ ಮೇಲೆ 66 ಏಕೆ?

ಚಾಮರಾಜಪೇಟೆಯ ಒಂದು ರದ್ದಿ ಅಂಗಡಿಯಲ್ಲಿ, ಹಳೆಯ ವಾರಪತ್ರಿಕೆಗಳ ಕಟ್ಟಿನ ಕೆಳಗೆ, ಡಿವಿಜಿಯವರ ‘ಜೀವನಧರ್ಮಯೋಗ’ ಸಿಕ್ಕಿತು. ಬೆನ್ನು ಕಿತ್ತಿದೆ, ರಟ್ಟಿಗೆ ಕ್ಯಾಲೆಂಡರ್ ಹಾಳೆಯ ಹೊದಿಕೆ. ಅಂಗಡಿಯವರು ಪುಟ ಮಗುಚಿಯೂ ನೋಡದೆ ತಕ್ಕಡಿಗೆ ಹಾಕಿದರು. ನಾನೂ ಚೌಕಾಸಿ ಮಾಡಲಿಲ್ಲ, ಏಕೆಂದರೆ ಅಷ್ಟರಲ್ಲಾಗಲೇ ಅಂಚುಗಳಲ್ಲಿದ್ದ ಪೆನ್ಸಿಲ್ ಬರಹ ಕಣ್ಣಿಗೆ ಬಿದ್ದಿತ್ತು.

ಪುಸ್ತಕದಲ್ಲಿ ಎಲ್ಲೂ ಹೆಸರಿಲ್ಲ. ಸಾಲು ತಪ್ಪದ ಪುಟ್ಟ ಅಕ್ಷರ. ಲೆಕ್ಕಪತ್ರ ಬರೆದು ಪಳಗಿದ ಕೈ ಎಂದು ನನ್ನ ಊಹೆ. ಆ ಪುಣ್ಯಾತ್ಮ, ಅಥವಾ ಪುಣ್ಯಾತ್ಮೆ, ಎಲ್ಲೂ ‘ಆಹಾ’ ಎಂದು ಬರೆದಿಲ್ಲ. ಬರೆದದ್ದೆಲ್ಲ ಪ್ರಶ್ನೆಯೇ. ಗೀತೆಯ ಹದಿನೆಂಟನೆಯ ಅಧ್ಯಾಯದ 63ನೆಯ ಶ್ಲೋಕಕ್ಕೆ ಚೌಕ ಹಾಕಿ ‘ಇಲ್ಲಿಗೆ ಮುಗಿಯಿತಲ್ಲ?’ ಎಂದಿದೆ. ಮೂರು ಶ್ಲೋಕ ದಾಟಿದರೆ, ‘63 ಆದ ಮೇಲೆ 66 ಏಕೆ?’

ಬಸವನಗುಡಿಯಲ್ಲಿ ಬೆಳೆದವರಿಗೆ 66 ಬಾಯಿಪಾಠ. ಎಲ್ಲ ಧರ್ಮಗಳನ್ನೂ ಬಿಟ್ಟು ನನ್ನೊಬ್ಬನನ್ನೇ ಶರಣು ಹೊಗು, ಪಾಪದ ಚಿಂತೆ ನನಗಿರಲಿ ಎಂದು ಕೃಷ್ಣ ಅಭಯ ಕೊಡುವ ಜಾಗ ಅದು. ಆದರೆ 63ರಲ್ಲಿ ಅದೇ ಕೃಷ್ಣ, ಹೇಳುವುದನ್ನು ಹೇಳಿದ್ದೇನೆ, ಒಂದನ್ನೂ ಬಿಡದೆ ವಿಮರ್ಶೆ ಮಾಡಿ ನಿನಗೆ ತೋಚಿದಂತೆ ಮಾಡು ಎಂದು ಅರ್ಜುನನಿಗೇ ಬಿಟ್ಟುಕೊಟ್ಟಿದ್ದಾನೆ. ನಾನು ಕೂತೆದ್ದು ಬಂದ ಪ್ರವಚನಗಳಲ್ಲಿ 66ಕ್ಕೆ ಒಂದು ಸಂಜೆ ಮೀಸಲು. 63ಕ್ಕೆ ಸಿಗುವುದು ನೀರು ಕುಡಿಯುವಷ್ಟು ಹೊತ್ತು. ಗುರುವಾಗಿ ಕೂತವರಿಗೆ ಶರಣಾಗತಿಯ ಶ್ಲೋಕ ಹೆಚ್ಚು ರುಚಿಸುವುದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ.

ಮಾರ್ಗದರ್ಶನಕ್ಕೆ ಈ ಬಡಾವಣೆಗಳಲ್ಲಿ ಎಂದೂ ಬರವಿರಲಿಲ್ಲ. ಶಂಕರಪುರದಲ್ಲಿ ಶಂಕರ ಮಠ. ಬುಲ್ ಟೆಂಪಲ್ ರಸ್ತೆಯಲ್ಲಿ ರಾಮಕೃಷ್ಣ ಆಶ್ರಮ, 1911ರಲ್ಲಿ ಶಾರದಾದೇವಿಯವರು ಬಂದು ಅಲ್ಲಿನ ಬಂಡೆಯ ಮೇಲೆ ಕೂತದ್ದನ್ನು ಇವತ್ತಿಗೂ ನೆನೆಯುತ್ತಾರೆ. ಕತ್ರಿಗುಪ್ಪೆಯತ್ತ ಹೋದರೆ ಪೇಜಾವರ ಶ್ರೀಗಳು 1956ರಲ್ಲಿ ಶುರುಮಾಡಿದ ಪೂರ್ಣಪ್ರಜ್ಞ ವಿದ್ಯಾಪೀಠ. ಇವುಗಳ ನಡುವೆ, ಎನ್.ಆರ್. ಕಾಲೋನಿಯಲ್ಲಿ, ಮಠವೂ ಅಲ್ಲದ ಆಶ್ರಮವೂ ಅಲ್ಲದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಡಿವಿಜಿ ಅದನ್ನು 1945ರಲ್ಲಿ ಕಟ್ಟಿದರು. ಅಲ್ಲಿಯ ಗೀತೋಪನ್ಯಾಸಗಳಿಂದ ಹುಟ್ಟಿದ ಪುಸ್ತಕವೇ ನನ್ನ ಕೈಲಿದ್ದದ್ದು. 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೇ ಬಂತು. ಪತ್ರಿಕೆ ನಡೆಸಿದ, ಶಾಸನ ಪರಿಷತ್ತಿನಲ್ಲಿ ಕೂತ ಗೃಹಸ್ಥರೊಬ್ಬರು ಗೃಹಸ್ಥರಿಗೇ ಹೇಳಿದ ಗೀತೆ ಅದು. ನನ್ನ ಪಕ್ಷಪಾತ ಇಲ್ಲಿ ಕಾಣುತ್ತಿದ್ದರೆ ಕಾಣಲಿ: ಮಂಟಪದಿಂದ ಬರುವ ಉಪದೇಶಕ್ಕಿಂತ ಬೆಂಚಿನ ಮೇಲೆ ಕೂತವರ ಎದುರು ನಿಂತು ಆಡಿದ ಮಾತು ನನಗೆ ಹತ್ತಿರ.

ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಇನ್ನೊಂದು ವಿಚಿತ್ರವಿತ್ತು. ‘ಕೃ 620, ಅ 57, ಸಂ 67, ಧೃ 1.’ ಅದರ ಕೆಳಗೆ ‘574, 84, 41, 1.’ ಕೂಡಿದರೆ ಮೇಲಿನದು 745, ಕೆಳಗಿನದು 700. ಕೃಷ್ಣ, ಅರ್ಜುನ, ಸಂಜಯ, ಧೃತರಾಷ್ಟ್ರ ಎಂದು ಹೊಳೆಯಲು ತಡವಾಗಲಿಲ್ಲ. ಅದರ ಬೆನ್ನು ಹತ್ತಿದವನು ಮಾತ್ರ ಊಟ ಮರೆತೆ. ಮಹಾಭಾರತದ ಭೀಷ್ಮಪರ್ವದ ಪ್ರಚಲಿತ ಪಾಠದಲ್ಲಿ, ಗೀತೆ ಮುಗಿದ ಮೇಲೆ, ಯಾರು ಎಷ್ಟು ಶ್ಲೋಕ ಹೇಳಿದರು ಎಂಬ ಲೆಕ್ಕದ ಶ್ಲೋಕವೊಂದು ಬರುತ್ತದೆ. ಮೇಲಿನ ಸಾಲು ಅದು. ಕೆಳಗಿನದು ನಮ್ಮ ಕೈಲಿರುವ ಗೀತೆಯ ಎಣಿಕೆ. ಎರಡಕ್ಕೂ ತಾಳೆಯಿಲ್ಲ. ಉಳಿದ 45 ಎಲ್ಲಿ ಹೋಯಿತೆಂದು ಪಂಡಿತರು ತಲೆ ಕೆಡಿಸಿಕೊಂಡಿದ್ದಾರೆ. ಕಾಶ್ಮೀರದ ಪಾಠದಲ್ಲಿ ಕೆಲವು ಶ್ಲೋಕ ಹೆಚ್ಚಿಗೆ ಇವೆ, ಆದರೂ 745 ಭರ್ತಿಯಾಗುವುದಿಲ್ಲ. ಶಂಕರರು ಭಾಷ್ಯದ ಪೀಠಿಕೆಯಲ್ಲೇ ಏಳುನೂರು ಎಂದರು. ಪುಣೆಯ ಭಂಡಾರ್ಕರ್ ಸಂಸ್ಥೆಗಾಗಿ ಬೆಲ್ವಲ್ಕರ್ 1947ರಲ್ಲಿ ಸಂಪಾದಿಸಿದ ಭೀಷ್ಮಪರ್ವದಲ್ಲಿಯೂ ಗೀತೆ ಏಳುನೂರಕ್ಕೇ ನಿಂತಿತು. ಇದು ಸಾಲದೆಂಬಂತೆ ಹದಿಮೂರನೆಯ ಅಧ್ಯಾಯದ ತಲೆಯಲ್ಲಿ ಅರ್ಜುನನ ಪ್ರಶ್ನೆಯೊಂದನ್ನು ಸೇರಿಸಿ 701 ಎಣಿಸುವವರೂ ಉಂಟು.

45ರ ಕಥೆ ಪಂಡಿತರಿಗಿರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಆ ಲೆಕ್ಕಕ್ಕೆ ಹೋಲಿಸಿದರೆ ನಮ್ಮ ಗೀತೆಯಲ್ಲಿ ಕೃಷ್ಣನ ಪಾಲು ಇಳಿದಿದೆ, ಸಂಜಯನದೂ ಇಳಿದಿದೆ, ಅರ್ಜುನನದು ಮಾತ್ರ 57ರಿಂದ 84ಕ್ಕೆ ಏರಿದೆ. ಯಾವ ಕೈ ಎಲ್ಲಿ ಏನು ಮಾಡಿತೋ, ಉಳಿದು ಬಂದ ಪಾಠದಲ್ಲಿ ಶಿಷ್ಯನಿಗೇ ಹೆಚ್ಚು ಬಾಯಿ. ಅವನೋ ಸುಮ್ಮನೆ ಕೈಮುಗಿದು ಕೂತವನಲ್ಲ. ಮೂರನೆಯ ಅಧ್ಯಾಯದಲ್ಲಿ, ಗೊಂದಲದ ಮಾತಾಡಿ ನನ್ನ ಬುದ್ಧಿ ಕೆಡಿಸುತ್ತಿದ್ದೀಯೆ ಎಂದು ನೇರವಾಗಿ ಆಕ್ಷೇಪಿಸುತ್ತಾನೆ. ಐದರಲ್ಲಿ ಅದೇ ರಾಗ: ಎರಡನ್ನೂ ಹೊಗಳಬೇಡ, ಒಂದನ್ನು ಹೇಳು. ಭಕ್ತಿಯೋಗವೆಂದು ನಾವು ಪಾರಾಯಣ ಮಾಡುವ ಹನ್ನೆರಡನೆಯ ಅಧ್ಯಾಯದ 20 ಶ್ಲೋಕಗಳಲ್ಲಿ 19 ಕೃಷ್ಣನವು. ಬಾಗಿಲು ತೆರೆಯುವ ಮೊದಲನೆಯದು ಅರ್ಜುನನ ಪ್ರಶ್ನೆ. ಜ್ಞಾನಿಗಳ ಬಳಿ ಹೋಗುವ ಬಗೆಯನ್ನು ನಾಲ್ಕನೆಯ ಅಧ್ಯಾಯ ಹೇಳುವಾಗ ನಮಸ್ಕಾರ, ಸೇವೆಗಳ ಪಕ್ಕದಲ್ಲೇ ಪ್ರಶ್ನೆಗೂ ಜಾಗ ಕೊಟ್ಟಿದೆ. ನಮ್ಮಲ್ಲಿ ನಮಸ್ಕಾರ, ಸೇವೆಗಳ ಸಾಲು ಉದ್ದವಿದೆ. ಪ್ರಶ್ನೆಯ ಹೊತ್ತಿಗೆ ಮಂಗಳಾರತಿಯ ಗಂಟೆ ಬಾರಿಸಿಬಿಡುತ್ತಾರೆ.

ಹಾಗಾದರೆ 66 ಏಕೆ? ಶಂಕರರು 63ನ್ನು ಕೆಲವೇ ಮಾತಿನಲ್ಲಿ ದಾಟಿ, 66ರ ಕೆಳಗೆ ಜ್ಞಾನ-ಕರ್ಮಗಳ ದೊಡ್ಡ ವಾದವನ್ನೇ ಹೂಡಿದರು. ಶ್ರೀವೈಷ್ಣವರಿಗೆ ಅದು ಚರಮಶ್ಲೋಕ. ಮರಿ ತಾನೇ ತಾಯಿಕೋತಿಯನ್ನು ಅವುಚಿಕೊಳ್ಳಬೇಕೋ, ಬೆಕ್ಕೇ ಮರಿಯನ್ನು ಕಚ್ಚಿ ಒಯ್ಯುತ್ತದೋ ಎಂಬ ವಡಗಲೈ-ತೆಂಗಲೈ ವಾದ ಮಲ್ಲೇಶ್ವರದ ಅಯ್ಯಂಗಾರ್ ಮನೆಗಳಿಗೆ ಹೊಸತಲ್ಲ. ನನಗೆ ದಾರಿ ತೋರಿದ್ದು ಎಲ್ಲರೂ ಜಿಗಿದು ದಾಟುವ 64. ನೀನು ನನಗೆ ಬಲು ಇಷ್ಟದವನು, ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ ಎನ್ನುತ್ತಾನೆ ಕೃಷ್ಣ. ಬಿಟ್ಟುಕೊಟ್ಟ ಮೇಲೆ, ಇನ್ನು ಒತ್ತಾಯಕ್ಕೆ ಎಡೆಯಿಲ್ಲದ ಮೇಲೆ, ಅಕ್ಕರೆಗೆ ಆಡಿದ ಮಾತು 66. ಆ ಕ್ರಮ ತಿರುವುಮುರುವಾದರೆ ಭಕ್ತಿ ಬರೀ ವಿಧೇಯತೆಯಾಗುತ್ತದೆ ಎಂಬುದು ನನ್ನ ಓದು. ಭಾಷ್ಯಕಾರರ ಒಪ್ಪಿಗೆ ಅದಕ್ಕಿಲ್ಲದಿರಬಹುದು.

73ರಲ್ಲಿ ಅರ್ಜುನ, ಸಂದೇಹ ಹೋಯಿತು, ನೀನು ಹೇಳಿದಂತೆ ಮಾಡುತ್ತೇನೆ ಎನ್ನುತ್ತಾನೆ. ‘ಒಪ್ಪಿದ್ದು 63ಕ್ಕೋ 66ಕ್ಕೋ?’ ಎಂದು ಕೇಳಿ ಪೆನ್ಸಿಲ್ ಅಲ್ಲಿಗೆ ನಿಂತಿದೆ. ಮುಂದಿನ ಸಂಗತಿ ಗೀತೆಯಲ್ಲಿಲ್ಲ. ಗಮಕದಲ್ಲಿ ಭಾರತ ಕೇಳಿದವರಿಗೂ ಅದು ಸಿಗುವುದಿಲ್ಲ, ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿಬಿಟ್ಟ. ವ್ಯಾಸಭಾರತದ ಅಶ್ವಮೇಧಿಕ ಪರ್ವದಲ್ಲಿ, ಯುದ್ಧವೆಲ್ಲ ಮುಗಿದು ಆರಾಮಾಗಿರುವಾಗ, ಅಂದು ಹೇಳಿದ್ದು ಮರೆತುಹೋಗಿದೆ, ಇನ್ನೊಂದು ಸಲ ಹೇಳು ಎಂದು ಅರ್ಜುನನೇ ಕೇಳುತ್ತಾನೆ. ಕೃಷ್ಣನಿಗೆ ಸಿಟ್ಟು ಬರುತ್ತದೆ. ಅಂದು ಯೋಗದಲ್ಲಿದ್ದು ಆಡಿದ್ದನ್ನು ಹಾಗೆಹಾಗೆಯೇ ಮತ್ತೆ ಹೇಳಲು ತನ್ನಿಂದಲೂ ಆಗದೆಂದು ಗದರುತ್ತಾನೆ. ಗದರಿ, ಬೇರೊಂದು ಹಳೆಯ ಕಥೆಯಿಂದ ಶುರುಮಾಡುತ್ತಾನೆ. ಅದೇ ಅನುಗೀತೆ, ಅಧ್ಯಾಯಗಳು 36, ಗೀತೆಯ ಎರಡರಷ್ಟು.